1905ರ ಕೆ.ಜಿ.ಎಫ್. ಪಟ್ಟಣವನ್ನು ಸಿನಿಮಾಕ್ಕಾಗಿ ಮತ್ತೆ ಕಟ್ಟುವುದು ಹೇಗೆ?

ಕಥೆ 1905ರದ್ದಾದರೆ, ಈಗಿನ ಕೆ.ಜಿ.ಎಫ್.ನಲ್ಲಿಯೇ ಕ್ಯಾಮೆರಾ ಇಟ್ಟರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು. ಎಲ್ಲರ ಕಣ್ಣಿಗೂ ಮೊದಲು ಬೀಳುವ ಸೈನೈಡ್ ಗುಡ್ಡಗಳೇ ಇಲ್ಲಿ ದೊಡ್ಡ ತೊಡಕು: ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯನ್ನು ದಶಕಗಳ ಕಾಲ ಸುರಿದು ಸುರಿದು ಬೆಳೆದ ಈ ದಿಬ್ಬಗಳು, 2001ರಲ್ಲಿ ಗಣಿ ಮುಚ್ಚುವ ಹೊತ್ತಿಗೆ ಪಡೆದ ಗಾತ್ರದಲ್ಲಿ 1905ರಲ್ಲಿ ಇರಲು ಸಾಧ್ಯವೇ ಇಲ್ಲ. ಅವುಗಳನ್ನು ಗ್ರಾಫಿಕ್ಸ್‌ನಲ್ಲಿ ತಗ್ಗಿಸಬೇಕು, ಇಲ್ಲವೇ ಚೌಕಟ್ಟಿನಿಂದ ಹೊರಗಿಡಬೇಕು.

ಬೆಳಕಿನ ವಿಷಯದಲ್ಲಿ ನಿರ್ದೇಶಕರು ಸಾಮಾನ್ಯವಾಗಿ ಎಡವುತ್ತಾರೆಂಬುದು ನನ್ನ ಅನಿಸಿಕೆ. ಹಳೆಯ ಕಾಲವೆಂದೊಡನೆ ಎಲ್ಲೆಡೆ ಲಾಟೀನು ತೂಗುಹಾಕುತ್ತಾರೆ. ಆದರೆ 1902ರಲ್ಲಿಯೇ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 150 ಕಿಲೋಮೀಟರ್ ದೂರದ ಈ ಗಣಿಗಳಿಗೆ ತಲುಪಿತ್ತು. ಆಗಿನ್ನೂ ಬೆಂಗಳೂರಿನ ಬೀದಿಗಳಿಗೇ ವಿದ್ಯುದ್ದೀಪ ಬಂದಿರಲಿಲ್ಲ. ಹಾಗಾಗಿ ಗಣಿಯ ಯಂತ್ರಗಳಿಗೆ ವಿದ್ಯುತ್ತು, ಕಾರ್ಮಿಕರ ಗುಡಿಸಲುಗಳಿಗೆ ಎಣ್ಣೆಬುಡ್ಡಿ ಎಂಬ ವ್ಯತ್ಯಾಸವನ್ನು ತೋರಿಸಿದರೆ, ಸಂಭಾಷಣೆಯ ನೆರವಿಲ್ಲದೆಯೇ ಆ ಊರಿನ ಮೇಲುಕೀಳು ಪ್ರೇಕ್ಷಕರಿಗೆ ತಿಳಿಯುತ್ತದೆ.

ಸೆಟ್‌ನಲ್ಲಿ ನಿಜವಾಗಿ ಕಟ್ಟಬೇಕಾದುದು ಕಾರ್ಮಿಕರ ತಟ್ಟಿಯ ಗುಡಿಸಲುಗಳ ಒಂದೆರಡು ಸಾಲು ಮತ್ತು ಶಾಫ್ಟಿನ (ಗಣಿಗೆ ಇಳಿಯುವ ಆಳವಾದ ಬಾವಿಯ) ಬಾಯಿ. ದೂರದ ಗಣಿ ಗೋಪುರಗಳನ್ನೂ ಹೊಗೆಗೊಳವೆಗಳನ್ನೂ ಆಮೇಲೆ ಗ್ರಾಫಿಕ್ಸ್‌ನಲ್ಲಿ ಸೇರಿಸಿಕೊಳ್ಳಬಹುದು. ಬಂಗಾರಪೇಟೆಯ ರೈಲು ನಿಲ್ದಾಣ ತೋರಿಸುವುದಾದರೆ ಫಲಕದಲ್ಲಿ ಆಗಿನ ಹೆಸರಾದ ಬೌರಿಂಗ್‌ಪೇಟೆ ಎಂದಿರಲಿ. ಹಿನ್ನೆಲೆಯಲ್ಲಿ ತಮಿಳು, ತೆಲುಗು, ಕನ್ನಡ, ಇಂಗ್ಲಿಷ್ ಬೆರೆತು ಕೇಳಬೇಕು, ಅವುಗಳ ಅಡಿಯಲ್ಲಿ ಅದಿರು ಕುಟ್ಟುವ ಯಂತ್ರಗಳ ಬಡಿತ ಇರಬೇಕು.