ಘಾಟಿ, ಮಳೆ ಮತ್ತು ಅಗಲದ ಟೈರು

ಪ್ರಶ್ನೆ: ನನ್ನ ಸ್ಪೋರ್ಟ್ಸ್ ಕಾರಿಗೆ ಕಂಪನಿ ಕೊಟ್ಟದ್ದು 205/55 ಆರ್16 ಟೈರು (ಅಗಲ 205 ಮಿ.ಮೀ., ಪಕ್ಕದ ಎತ್ತರ ಅಗಲದ ಶೇ 55, ರಿಮ್ 16 ಇಂಚು). ಸಂಪಾಜೆ ಘಾಟಿಯ ತಿರುವುಗಳಲ್ಲಿ ಹಿಡಿತ ಸಾಲದು. ರೇಸ್ ಟ್ರ್ಯಾಕಿನ ಸೆಮಿ ಸ್ಲಿಕ್ ಹಾಕಿಸಬಹುದೇ?
– ಓದುಗರು, ಮಡಿಕೇರಿ

ಉತ್ತರ: ಬೇಡವೇ ಬೇಡ. ಸೆಮಿ ಸ್ಲಿಕ್‌ನಲ್ಲಿ ನೀರು ಹೊರಹೋಗುವ ಗೀರುಗಳೇ ಕಡಿಮೆ. ಕೊಡಗಿನ ಜುಲೈ ಮಳೆಯಲ್ಲಿ ಟೈರು ನೀರಿನ ಪದರದ ಮೇಲೆ ತೇಲುತ್ತದೆ. ಸ್ಟೀರಿಂಗ್ ತಿರುಗಿಸಿದರೂ ಕಾರು ನೆಟ್ಟಗೇ ಹೋಗುತ್ತದೆ. ಚಳಿಯಲ್ಲಿ ಆ ರಬ್ಬರು ಬಿಸಿಯೇರುವುದೂ ನಿಧಾನ; ಬಿಸಿಯಾಗದೆ ಅದಕ್ಕೆ ಹಿಡಿತ ಬಾರದು. ರಸ್ತೆಗೆಂದೇ ಮಾಡಿದ, ಒದ್ದೆಯಲ್ಲೂ ಹಿಡಿಯುವ ಹೈ ಪರ್ಫಾರ್ಮೆನ್ಸ್ ಟೈರು ನೋಡಿ.

ಅಗಲದ ಟೈರು ಬೇಕಿದ್ದರೆ 17 ಇಂಚಿನ ಅಲಾಯ್ ಚಕ್ರಕ್ಕೆ 225/45 ಹೊಂದುತ್ತದೆ. ಹಳೆಯದರ ವ್ಯಾಸ ಸುಮಾರು 632 ಮಿ.ಮೀ., ಇದರದ್ದು 634; ಸ್ಪೀಡೋಮೀಟರ್ ಲೆಕ್ಕ ತಪ್ಪದು. ಆದರೆ ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಎತ್ತರ, 113ರಿಂದ 101 ಮಿ.ಮೀ.ಗೆ ಇಳಿಯುತ್ತದೆ. ತೋಟದ ದಾರಿಯ ಗುಂಡಿಗೆ ರಿಮ್ ಬಗ್ಗುವುದು, ಟೈರಿನ ಪಕ್ಕ ಉಬ್ಬುವುದು ಇದರಿಂದಲೇ. 18 ಇಂಚಿನ ಆಸೆ ಬಿಡಿ!

ಟೈರು ಹೊರಬಲ್ಲ ಭಾರ ಸೂಚಿಸುವ ಲೋಡ್ ಇಂಡೆಕ್ಸ್ ಹಳೆಯದಕ್ಕಿಂತ ಕಡಿಮೆ ಇರಬಾರದು (91 ಎಂದರೆ ಟೈರಿಗೆ 615 ಕೆ.ಜಿ.). ಪಕ್ಕದಲ್ಲಿ 2324 ಎಂದಿದ್ದರೆ 2024ರ 23ನೇ ವಾರದ ಮಾಲು. ಹಾಕಿಸಿದ ಮೇಲೆ ಸ್ಟೀರಿಂಗ್ ಎರಡೂ ಬದಿಗೆ ಪೂರ್ತಿ ತಿರುಗಿಸಿ ಎಲ್ಲಾದರೂ ಉಜ್ಜುತ್ತದೆಯೇ ನೋಡಿ, ಅಲೈನ್‌ಮೆಂಟ್ ಮಾಡಿಸಿ. ಗಾಳಿಯನ್ನು ಟೈರು ತಣ್ಣಗಿದ್ದಾಗಲೇ ಅಳೆಯಿರಿ.