ಹೌಂಡ್ ಹಿಂಡು ಬಂದಾಗ ಓಡಬೇಡಿ, ಮೊದಲು ಲೆಕ್ಕ ಹಾಕಿ

ಕಾಡಿನಲ್ಲಿ ಬದುಕುಳಿಯಬೇಕಾದ ವಿಡಿಯೊ ಗೇಮ್ ‘ಡೋಂಟ್ ಸ್ಟಾರ್ವ್ ಟುಗೆದರ್’ ಆಡುತ್ತಾ, ಆಗಾಗ ಹಿಂಡುಗಟ್ಟಿ ದಾಳಿಯಿಡುವ ಹೌಂಡ್ ಎಂಬ ನಾಯಿಗಳ ಬಾಯಿಗೆ ಸಿಕ್ಕಿ ಸತ್ತವರ ಪ್ರಶ್ನೆಗಳು ನಿಲ್ಲುತ್ತಲೇ ಇಲ್ಲ. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಬೇಸರವಾಗುವುದು ಆ ಪ್ರಶ್ನೆಗಳ ಹಿಂದಿರುವ ಸಲಹೆಗಳನ್ನು ನೋಡಿದಾಗ. ‘ಬೆಂಕಿ ಹಾಕು’, ‘ಮಾಂಸ ಎಸೆ’, ‘ಓಡು’ ಎಂದು ಯಾರೋ ಹೇಳಿರುತ್ತಾರೆ, ಇವರು ಅದನ್ನೇ ನಂಬಿ ಇಪ್ಪತ್ತು ದಿನ ಕಷ್ಟಪಟ್ಟು ಕಟ್ಟಿದ್ದನ್ನು ಅರ್ಧ ನಿಮಿಷದಲ್ಲಿ ಕಳೆದುಕೊಂಡಿರುತ್ತಾರೆ. ಈಟಿ ಮಾಡುವುದು ಹೇಗೆ, ಸೈನ್ಸ್ ಮಷಿನ್ ಎಲ್ಲಿಡಬೇಕು ಎಂಬುದೆಲ್ಲ ಇಲ್ಲಿ ಬರುವುದಿಲ್ಲ, ಅಷ್ಟು ಗೊತ್ತಿದ್ದವರೇ ಈ ಪ್ರಶ್ನೆ ಕೇಳುತ್ತಿದ್ದೀರಿ. ಅಂಕಿಗಳೆಲ್ಲ ‘ಟುಗೆದರ್’ನ ಮಾಮೂಲಿ ಸೆಟ್ಟಿಂಗ್‌ನವು. 2013ರ ಒಂಟಿ ಆಟಗಾರನ ಆವೃತ್ತಿಯಲ್ಲಿ ಆರ್ಮರ್ (ಮೈಗೆ, ತಲೆಗೆ ಹಾಕುವ ರಕ್ಷಾಕವಚ) ಇನ್ನೂ ಹೆಚ್ಚು ಹೊತ್ತು ಬಾಳುತ್ತದೆ. ಅಲ್ಲಿಯ ಅನುಭವವನ್ನು ನೆಚ್ಚಿಕೊಂಡು ಇಲ್ಲಿಗೆ ಬಂದವರೇ ಮೊದಲು ಸಾಯುತ್ತಾರೆ.

ಹೌಂಡ್‌ಗಳು ಬೆಂಕಿಗೆ ಹೆದರುವುದಿಲ್ಲವೇ?

ಇಲ್ಲ. ನಿಜವಾದ ತೋಳದ ಬಗ್ಗೆ ಕೇಳಿದ್ದನ್ನು ಈ ಆಟಕ್ಕೆ ತರಬೇಡಿ. ಫೈರ್ ಪಿಟ್ ಪಕ್ಕ ನಿಂತವನನ್ನೂ ಅವು ಕಚ್ಚುತ್ತವೆ. ಇಲ್ಲಿ ಬೆಂಕಿ ಇರುವುದು ಬೆಳಕಿಗೆ, ಚಳಿಗೆ, ಅಡುಗೆಗೆ.

ಬೊಗಳುವ ಸದ್ದು ಕೇಳಿದ ಕೂಡಲೇ ಓಡುತ್ತೇನೆ, ಆದರೂ ಪ್ರತಿ ಸಲ ಸಾಯುತ್ತೇನೆ. ಎಲ್ಲಿ ತಪ್ಪುತ್ತಿದೆ?

ಓಡುವುದೇ ತಪ್ಪು. ಆಟಗಾರನ ವೇಗ 6, ಹೌಂಡ್‌ನ ವೇಗ 10. ವಾಕಿಂಗ್ ಕೇನ್ ಎಂಬ ಊರುಗೋಲು ಕೈಯಲ್ಲಿದ್ದರೆ ನಿಮ್ಮ ವೇಗ ಶೇ 25ರಷ್ಟು ಹೆಚ್ಚುತ್ತದೆ, ರಸ್ತೆಯ ಮೇಲಿದ್ದರೆ ಮತ್ತೆ ಶೇ 30ರಷ್ಟು. ಎರಡೂ ಸೇರಿದರೂ 9.75 ಆಯಿತು, ಹತ್ತಕ್ಕೆ ಮುಟ್ಟಲಿಲ್ಲ. ಕೇನ್ ಹಿಡಿದ ಕೈಯಲ್ಲಿ ಆಯುಧ ಇರುವುದಿಲ್ಲ ಎಂಬುದನ್ನೂ ಮರೆಯಬೇಡಿ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಹೌಂಡ್‌ಗಳು ಒಂದೇ ಕ್ಷಣಕ್ಕೆ ಬಂದು ಬೀಳುವುದಿಲ್ಲ, ಸ್ವಲ್ಪ ಸ್ವಲ್ಪ ಅಂತರದಲ್ಲಿ ಒಂದೊಂದಾಗಿ ಬರುತ್ತವೆ. ನಿಂತಲ್ಲೇ ನಿಂತರೆ ಮೊದಲು ಬಂದದ್ದನ್ನು ಮುಗಿಸಲು ಸಮಯ ಸಿಗುತ್ತದೆ. ನೀವು ಓಡಿದಾಗ ಹಿಂದೆ ಬಿದ್ದವೆಲ್ಲ ಒಟ್ಟುಗೂಡಿ ಒಂದೇ ಗುಂಪಾಗುತ್ತವೆ. ಹಿಂಡನ್ನು ನೀವೇ ಕಟ್ಟಿಕೊಟ್ಟಂತೆ ಆಯಿತು.

ಈಗ ಕಚ್ಚುವುದರ ಲೆಕ್ಕ. ಹೌಂಡ್‌ನ ಒಂದು ಕಡಿತಕ್ಕೆ 20 ಡ್ಯಾಮೇಜ್, ಹೆಚ್ಚುಕಡಿಮೆ ಎರಡು ಸೆಕೆಂಡಿಗೆ ಒಂದು ಕಡಿತ. ಆಟದ ಸಾಮಾನ್ಯ ಪಾತ್ರ ವಿಲ್ಸನ್‌ನ ಹೆಲ್ತ್ 150. ಆರ್ಮರ್ ಇಲ್ಲದೆ ಐದು ಹೌಂಡ್‌ಗಳ ನಡುವೆ ನಿಂತರೆ ಮೊದಲ ಸುತ್ತಿಗೆ 100 ಹೋಯಿತು, ಎರಡನೆಯ ಸುತ್ತು ಪೂರ್ತಿಯಾಗುವುದಿಲ್ಲ. ‘ಇದ್ದಕ್ಕಿದ್ದಂತೆ ಸತ್ತೆ’ ಎಂದು ಬರೆಯುತ್ತೀರಲ್ಲ, ಆ ಇದ್ದಕ್ಕಿದ್ದಂತೆ ಎಂದರೆ ಇಷ್ಟೇ.

ಫುಟ್‌ಬಾಲ್ ಹೆಲ್ಮೆಟ್ ಅಥವಾ ಲಾಗ್ ಸೂಟ್ (ದಿಮ್ಮಿಯ ಎದೆಕವಚ) ಹಾಕಿದರೆ ಶೇ 80 ಭಾಗ ಆರ್ಮರ್‌ಗೆ ಹೋಗುತ್ತದೆ. 20ರಲ್ಲಿ 16 ಅದು ತಿನ್ನುತ್ತದೆ, 4 ನಿಮಗೆ ಬೀಳುತ್ತದೆ. ಎರಡರ ಬಾಳಿಕೆಯೂ 315. ಅಂದರೆ ಒಂದು ಹೊಸ ಹೆಲ್ಮೆಟ್ 19 ಕಡಿತ ತಡೆದು, ಇಪ್ಪತ್ತನೆಯದಕ್ಕೆ ಒಡೆಯುತ್ತದೆ. ಐದು ಹೌಂಡ್‌ಗಳು ಒಟ್ಟಿಗೆ ಕಚ್ಚುತ್ತಿದ್ದರೆ ಇಪ್ಪತ್ತು ಕಡಿತ ನಾಲ್ಕೇ ಸುತ್ತು, ಎಂಟೇ ಸೆಕೆಂಡು. ಹೆಲ್ಮೆಟ್ ಹಾಕಿಯೂ ಸತ್ತವರು ಗಮನಿಸದೇ ಹೋದದ್ದು ಇದನ್ನೇ. ಹೆಲ್ತ್ ಅಂಕಿಯನ್ನು ನೋಡುತ್ತಿರುತ್ತಾರೆ, ಹೆಲ್ಮೆಟ್‌ನ ಶೇಕಡಾವಾರು ನೋಡುವುದಿಲ್ಲ. ಮೊದಲು ಮುಗಿಯುವುದು ಆರ್ಮರ್.

ಎರಡನ್ನೂ ಒಟ್ಟಿಗೆ ಹಾಕಿದರೆ ಶೇ 96ರಷ್ಟು ತಡೆಯುತ್ತದೆ ಎಂದು ಹೇಳಿಕೊಡುವವರಿದ್ದಾರೆ. ದಯವಿಟ್ಟು ನಂಬಬೇಡಿ. ತಡೆ ಕೂಡುವುದಿಲ್ಲ, ಗುಣಿಸುವುದೂ ಇಲ್ಲ. ಹೆಚ್ಚಿನದ್ದು ಯಾವುದೋ ಅದರ ಲೆಕ್ಕವೇ ನಡೆಯುತ್ತದೆ, ಸವೆತ ಮಾತ್ರ ಎರಡಕ್ಕೂ ಹಂಚಿಹೋಗುತ್ತದೆ. ಬಾಳಿಕೆ 630 ಆಗುತ್ತದೆ, ತಡೆ 80ರಲ್ಲೇ ಇರುತ್ತದೆ. ಅಷ್ಟಕ್ಕಾದರೂ ಎರಡನ್ನೂ ಹಾಕುವುದು ಒಳ್ಳೆಯದೇ. ಲಾಗ್ ಸೂಟ್ ಕೂರುವುದು ಬ್ಯಾಕ್‌ಪ್ಯಾಕ್ ಕೂರುವ ಜಾಗದಲ್ಲೇ ಎಂಬುದು ಮಾತ್ರ ನೆನಪಿರಲಿ. ಸೂಟ್ ಹಾಕಿದ ಕೂಡಲೇ ಬ್ಯಾಕ್‌ಪ್ಯಾಕ್ ನೆಲಕ್ಕೆ ಬೀಳುತ್ತದೆ, ಒಳಗಿದ್ದ ಮುಲಾಮು, ಬದಲಿ ಆಯುಧ ಎಲ್ಲವೂ ಅದರ ಜೊತೆಗೆ. ಬೇಕಾದುದನ್ನು ಮೊದಲೇ ಮುಖ್ಯ ಚೀಲದ ಸಾಲಿಗೆ ತಂದುಕೊಳ್ಳಿ.

ಆಯುಧ ಯಾವುದಿರಬೇಕು ಎಂಬುದೂ ಲೆಕ್ಕದ ಮಾತೇ. ಹೌಂಡ್‌ನ ಹೆಲ್ತ್ 150. ಈಟಿಯ ಏಟು 34, ಐದು ಏಟು ಬೇಕು. ಟೆಂಟಕಲ್ ಸ್ಪೈಕ್ 51, ಮೂರೇ ಏಟಿಗೆ 153 ಆಗುತ್ತದೆ. ಮಾಂಸದಿಂದ ಮಾಡಿದ ಹೊಸ ಹ್ಯಾಮ್ ಬ್ಯಾಟ್ 59.5, ಅದಕ್ಕೂ ಮೂರು. ಹ್ಯಾಮ್ ಬ್ಯಾಟ್ ಹಳಸಿದಷ್ಟೂ ಏಟು ಕುಗ್ಗುತ್ತಾ ಬರುತ್ತದೆ. 50ಕ್ಕಿಂತ ಕೆಳಗಿಳಿದರೆ ನಾಲ್ಕು ಏಟು ಬೇಕಾಗುತ್ತದೆ. ಆಮೇಲೆ ಅದನ್ನು ಹೌಂಡ್‌ಗಳಿಗೆಂದು ನೆಚ್ಚಿಕೊಳ್ಳಬೇಡಿ. ಐದಕ್ಕೂ ಮೂರಕ್ಕೂ ನಡುವಿನ ವ್ಯತ್ಯಾಸ ಸಣ್ಣದಲ್ಲ. ತಪ್ಪಿಸಿಕೊಳ್ಳದೆ ನಿಂತು ಹೊಡೆಯುತ್ತೀರಿ, ಐದೂ ಒಟ್ಟಿಗೆ ಮುತ್ತಿವೆ ಎಂದಿಟ್ಟುಕೊಂಡರೆ, ಈಟಿಯಲ್ಲಿ ಎಲ್ಲವೂ ಸಾಯುವಷ್ಟರಲ್ಲಿ ಸುಮಾರು ಇಪ್ಪತ್ತು ಕಡಿತ ಬೀಳುತ್ತದೆ, ಸರಿಯಾಗಿ ಒಂದು ಹೆಲ್ಮೆಟ್. ಮೂರು ಏಟಿನ ಆಯುಧದಲ್ಲಿ ಹದಿಮೂರರ ಆಸುಪಾಸಿಗೆ ಮುಗಿಯುತ್ತದೆ.

ಹಾಗಾಗಿ ಎಚ್ಚರಿಕೆಯ ಸದ್ದು ಕೇಳಿದಾಗ ಮಾಡಬೇಕಾದ್ದು ಹೀಗೆ. ಕೊಯ್ಯುತ್ತಿದ್ದುದನ್ನು, ಅಗೆಯುತ್ತಿದ್ದುದನ್ನು ಅಲ್ಲಿಗೇ ಬಿಡಿ. ಬೇಸ್‌ನಿಂದ, ಅಂದರೆ ನೀವು ಕಟ್ಟಿಕೊಂಡ ನೆಲೆಯಿಂದ ಹೊರಗೆ, ಮರ, ಹುಲ್ಲು, ಪೆಟ್ಟಿಗೆ ಯಾವುದೂ ಹತ್ತಿರವಿಲ್ಲದ ಬಯಲಿಗೆ ಹೋಗಿ. ಕೆಂಪು ಹೌಂಡ್ ಸತ್ತಾಗ ಸುತ್ತ ಬೆಂಕಿ ಹೊತ್ತಿಕೊಳ್ಳುತ್ತದೆ, ಬೇಸ್‌ನೊಳಗೆ ಹೊಡೆದವರ ಪೆಟ್ಟಿಗೆಗಳು ಉರಿದುಹೋಗುವುದು ಹೀಗೇ. ನೆಲಕ್ಕೆ ಬಿದ್ದ ಬ್ಯಾಕ್‌ಪ್ಯಾಕ್ ಕೂಡ ಉರಿಯುತ್ತದೆ, ಅದನ್ನು ದೂರ ಇಡಿ. ಕತ್ತಲಾಗುತ್ತಿದ್ದರೆ 3 ಹುಲ್ಲು, 2 ಮರದ ದಿಮ್ಮಿ ಖರ್ಚು ಮಾಡಿ ಒಂದು ಕ್ಯಾಂಪ್‌ಫೈರ್ ಹಾಕಿ. ಇದು ಹೌಂಡ್‌ಗಳಿಗಲ್ಲ, ಕತ್ತಲೆಗೆ. ಟಾರ್ಚ್ ಹಿಡಿದರೆ ಆಯುಧ ಹಿಡಿಯಲು ಕೈ ಇಲ್ಲ, ದೀಪವಿರುವ ಮೈನರ್ ಹ್ಯಾಟ್ ಹಾಕಿದರೆ ಹೆಲ್ಮೆಟ್‌ಗೆ ತಲೆ ಇಲ್ಲ. ಬದಲಿ ಹೆಲ್ಮೆಟ್ ಒಂದು, ಮುಲಾಮು ಎರಡು ಮೂರು ಕೈಗೆಟುಕುವಂತಿರಲಿ. ಹೀಲಿಂಗ್ ಸಾಲ್ವ್ 20 ಹೆಲ್ತ್ ಕೊಡುತ್ತದೆ, ಹನಿ ಪೋಲ್ಟಿಸ್ 30. ಅವುಗಳನ್ನು ಕಾದಾಟದ ನಡುವೆ ಹಚ್ಚಲು ಹೋಗಬೇಡಿ, ಆ ಹೊತ್ತಿನಲ್ಲಿ ಬೀಳುವ ಕಡಿತ ಹಚ್ಚಿದ್ದನ್ನೂ ನುಂಗಿಬಿಡುತ್ತದೆ.

ಮೊದಲನೆಯದು ಕಾಣಿಸಿದ ಕೂಡಲೇ ನೀವೇ ಅದರ ಕಡೆಗೆ ನಡೆದು ಹೊಡೆಯಿರಿ. ಒಂದನ್ನು ಹಿಡಿದರೆ ಅದು ಸಾಯುವವರೆಗೆ ಬಿಡಬೇಡಿ. ಇದಕ್ಕೆ ಎರಡು, ಅದಕ್ಕೆ ಎರಡು ಎಂದು ಹಂಚಿದರೆ ಕಚ್ಚುವ ಬಾಯಿಗಳ ಸಂಖ್ಯೆ ಕಡಿಮೆಯೇ ಆಗುವುದಿಲ್ಲ. ಒಂದೋ ಎರಡೋ ಉಳಿದಾಗ ಮಾತ್ರ, ಅದು ಬಾಯಿ ಹಾಕುವಾಗ ಹೆಜ್ಜೆ ಹಿಂದಿಟ್ಟು ತಪ್ಪಿಸಿಕೊಂಡು ಹೊಡೆಯುವ ಆಟ ಆಡಿ. ಐದರ ನಡುವೆ ಅದನ್ನು ಆಡಲು ಹೋದರೆ ಒಂದರಿಂದ ತಪ್ಪಿಸಿಕೊಂಡು ಇನ್ನೊಂದರ ಬಾಯಿಗೆ ಬೀಳುತ್ತೀರಿ. ಹೆಲ್ಮೆಟ್ ಶೇ 20ಕ್ಕೆ ಇಳಿದಾಗಲೇ ಬದಲಿಸಿ, ಒಡೆಯುವವರೆಗೆ ಕಾಯಬೇಡಿ.

ಎಷ್ಟು ಬರುತ್ತವೆ ಎಂಬುದು ಊಹೆಯ ವಿಷಯವಲ್ಲ. ಸರ್ವರ್‌ನಲ್ಲಿರುವ ಆಟಗಾರರು ಬದುಕಿರುವ ದಿನಗಳ ಸರಾಸರಿಯ ಮೇಲೆ ಅದು ನಿಂತಿದೆ. 10 ದಿನದೊಳಗೆ ಒಬ್ಬರಿಗೆ 2, ಎಚ್ಚರಿಕೆಗೆ ಎರಡು ನಿಮಿಷ. 25ರವರೆಗೆ 3–4, ಒಂದು ನಿಮಿಷ. 50ರವರೆಗೆ 4–6, 45 ಸೆಕೆಂಡು. 100ರವರೆಗೆ 5–7, ಅಲ್ಲಿಂದಾಚೆ 7–10, ಎರಡಕ್ಕೂ ಎಚ್ಚರಿಕೆ 30 ಸೆಕೆಂಡು. ಹೌಂಡ್‌ಗಳು ಹೆಚ್ಚಿದಂತೆ ಸಮಯ ಕಡಿಮೆಯಾಗುತ್ತಾ ಬರುತ್ತದೆ. 60ನೇ ದಿನ ಸದ್ದು ಕೇಳಿದ ಮೇಲೆ ಹೆಲ್ಮೆಟ್ ಮಾಡಲು ಹಂದಿಚರ್ಮ ಹುಡುಕುತ್ತಾ ಹೊರಟವರಿಗೆ ಯಾರೂ ಸಹಾಯ ಮಾಡಲಾರರು.

ಐವತ್ತು ದಿನ ದಾಟಿದ ಮೇಲೆ ಟೂತ್ ಟ್ರ್ಯಾಪ್, ಅಂದರೆ ಶತ್ರು ಹತ್ತಿರ ಬಂದಾಗ ಸಿಡಿಯುವ ನೆಲದ ಬೋನು, ಬೇಕೇಬೇಕು. ಒಂದಕ್ಕೆ ಒಂದು ದಿಮ್ಮಿ, ಒಂದು ಹಗ್ಗ, ಒಂದು ಹೌಂಡ್ ಹಲ್ಲು. ಏಟು 60, ಹತ್ತು ಸಲ ಸಿಡಿಯುತ್ತದೆ. ಒಂದು ಟ್ರ್ಯಾಪ್ ಒಂದೇ ಹೌಂಡ್‌ಗೆ ತಗಲುತ್ತದೆ, ಪಕ್ಕದ್ದಕ್ಕೆ ಏನೂ ಆಗುವುದಿಲ್ಲ. 150 ಹೆಲ್ತ್‌ಗೆ ಮೂರು ಟ್ರ್ಯಾಪ್ ಬೇಕು. ಹತ್ತು ಟ್ರ್ಯಾಪ್ ಇಟ್ಟು ‘ಕೆಲಸ ಮಾಡಲಿಲ್ಲ’ ಎನ್ನುವವರೇ, ನಿಮ್ಮ ಹತ್ತು ಟ್ರ್ಯಾಪ್ ಕೊಂದದ್ದು ಮೂರು ಹೌಂಡ್, ಉಳಿದವು ನಿಮ್ಮ ಹತ್ತಿರ ಬಂದವು. ಹತ್ತು ಹೌಂಡ್‌ಗಳಿಗೆ ಮೂವತ್ತು ಟ್ರ್ಯಾಪ್ ಬೇಕು. ಅಲ್ಲಲ್ಲಿ ಚೆಲ್ಲಬೇಡಿ, ಒತ್ತೊತ್ತಾಗಿ ಹಾಸಿ ಅದರ ನಟ್ಟನಡುವೆ ನಿಲ್ಲಿ. ಹೌಂಡ್‌ಗಳು ಯಾವ ದಿಕ್ಕಿನಿಂದಲಾದರೂ ಬರಲಿ, ನೇರ ನಿಮ್ಮ ಕಡೆಗೇ ಓಡಿಬರುತ್ತವೆ. ಮುಗಿದ ಮೇಲೆ ಸಿಡಿದವನ್ನೆಲ್ಲ ಕೈಯಾರೆ ಮತ್ತೆ ಹೂಡಬೇಕು. ಮುಂದಿನ ದಾಳಿಯಲ್ಲಿ ಸಾಯುವುದು ಇದನ್ನು ಮರೆತವರೇ.

ಹಲ್ಲು ಕೂಡಿಸುವುದು ನಿಧಾನದ ಕೆಲಸ. ಸಾದಾ ಹೌಂಡ್ ಹಲ್ಲು ಬೀಳಿಸುವ ಸಾಧ್ಯತೆ ಶೇ 12.5, ಸರಾಸರಿ ಎಂಟಕ್ಕೆ ಒಂದು. ಅದಕ್ಕೇ ಮೊದಲ ದಿನದಿಂದ ಒಂದು ಹಲ್ಲನ್ನೂ ಬಿಡದೆ ಪೆಟ್ಟಿಗೆಗೆ ಹಾಕಿ.

ಮಾಂಸ ಎಸೆದರೆ ಸುಮ್ಮನಾಗುತ್ತವಂತೆ?

ಹೌಂಡ್ ತಿಂದ ಮಾಂಸದಿಂದ ಅದರ ಹೆಲ್ತ್ ಒಂದೂ ಕಡಿಮೆಯಾಗುವುದಿಲ್ಲ. ಮಾಂಸವೂ ಹೋಯಿತು, ಹೌಂಡೂ ಉಳಿಯಿತು.

ಬೀಫಲೋ ಹಿಂಡಿನೊಳಗೆ ನಿಂತರೆ?

ಒಳ್ಳೆಯ ಉಪಾಯ. ಹಿಂಡಾಗಿ ಮೇಯುವ ಕಾಡೆಮ್ಮೆಯಂಥ ಈ ಬೀಫಲೋಗೆ 1000 ಹೆಲ್ತ್, ಒಂದು ಏಟಿಗೆ 34. ಹೌಂಡ್ ಅವಕ್ಕೆ ತಗುಲಿಕೊಂಡರೆ ಹಿಂಡೇ ತಿರುಗಿಬೀಳುತ್ತದೆ. ಆದರೆ ಅವು ಬೆದೆಯಲ್ಲಿದ್ದಾಗ ಬೀಫಲೋ ಹ್ಯಾಟ್ ಇಲ್ಲದೆ ಹತ್ತಿರ ಹೋಗಬೇಡಿ. ಕಂಟ್ರೋಲ್ ಕೀ ಒತ್ತಿ ಹೊಡೆಯುವ ಅಭ್ಯಾಸವನ್ನೂ ಅಲ್ಲಿ ಬಿಡಿ. ನಿಮ್ಮ ಒಂದು ಏಟು ತಪ್ಪಿ ಬೀಫಲೋಗೆ ಬಿದ್ದರೆ ಆ ಹಿಂಡು ನಿಮ್ಮ ಮೇಲೇ ಬರುತ್ತದೆ.

ಹಂದಿಗಳನ್ನು ಕಟ್ಟಿಕೊಂಡರೆ?

ಹಗಲಿನಲ್ಲಿ ಸರಿ. ಹುಣ್ಣಿಮೆಯ ರಾತ್ರಿ ಅವೇ ವೇರ್‌ಪಿಗ್ ಆಗಿ, ಅಂದರೆ ರಾಕ್ಷಸ ಹಂದಿಗಳಾಗಿ, ನಿಮ್ಮ ಮೇಲೇ ಬೀಳುತ್ತವೆ.

ಗುಹೆಗೆ ಇಳಿದರೆ ಹೌಂಡ್ ಕಾಟ ಇಲ್ಲವಂತೆ, ನಿಜವೇ?

ಹೌಂಡ್ ಕಾಟ ಇಲ್ಲ. ಅವುಗಳ ಬದಲು ಡೆಪ್ತ್ಸ್ ವರ್ಮ್ ಎಂಬ ದೈತ್ಯ ಹುಳು ಬರುತ್ತದೆ, 900 ಹೆಲ್ತ್, 75ರ ಕಡಿತ. 20ರ ಕಡಿತಕ್ಕೆ ಹೆದರಿ 75ರದ್ದರ ಹತ್ತಿರ ಹೋಗಿ ಎಂದು ಹೇಳಿಕೊಡುವವರು ಗುಹೆಯಲ್ಲಿ ಒಂದು ವಾರ ಇದ್ದು ನೋಡಿದವರಲ್ಲ.

ನೀಲಿ ಹೌಂಡ್‌ಗೆ ಬೇರೆ ತಂತ್ರ ಬೇಕೇ?

ಅದರ ಹೆಲ್ತ್ 100, ಈಟಿಯ ಮೂರು ಏಟು, ಟ್ರ್ಯಾಪ್ ಎರಡು. ಸತ್ತಾಗ ಹತ್ತಿರದವರನ್ನು ಹೆಪ್ಪುಗಟ್ಟಿಸುತ್ತದೆ. ಸುತ್ತ ಇನ್ನೂ ಹೌಂಡ್‌ಗಳಿರುವಾಗ ಅದನ್ನು ಕೊನೆಗೆ ಇಟ್ಟುಕೊಳ್ಳಿ. ಹೆಪ್ಪುಗಟ್ಟಿ ನಿಂತವನಿಗೆ ಆರ್ಮರ್ ಬದಲಿಸಲು ಆಗುವುದಿಲ್ಲ.

ವೆಂಡಿಯಲ್ಲಿ ಆಡುತ್ತೇನೆ, ಐದು ಏಟಿಗೂ ಸಾಯುವುದಿಲ್ಲ. ಗೇಮ್‌ನಲ್ಲಿ ದೋಷವೇ?

ದೋಷವಲ್ಲ. ವೆಂಡಿ ಎಂಬ ಪಾತ್ರದ ಏಟು ಮುಕ್ಕಾಲು ಪಾಲು, ಈಟಿ 25.5 ಆಗುತ್ತದೆ, ಆರು ಏಟು ಬೇಕು. ಅವಳ ಪರ ಕಾದಾಡುವ ದೆವ್ವ, ಅಕ್ಕತಂಗಿ ಅಬಿಗೈಲ್‌ಳನ್ನು ಕರೆಯದೆ ಹೋರಾಡಬೇಡಿ.

ಸತ್ತ ಹೌಂಡ್‌ನ ಮಾನ್‌ಸ್ಟರ್ ಮೀಟ್ ತಿಂದು ಹೆಲ್ತ್ ಏರಿಸಬಹುದೇ?

ಹಸಿಯಾಗಿ ತಿಂದರೆ ಹೆಲ್ತ್ 20, ಸ್ಯಾನಿಟಿ (ಪಾತ್ರದ ಮನಸ್ಸಿನ ಸ್ಥಿಮಿತ) 15 ಇಳಿಯುತ್ತದೆ. ಆಗತಾನೇ ಕಾದಾಡಿ 30 ಹೆಲ್ತ್‌ನಲ್ಲಿ ನಿಂತಿರುವಾಗ ಅದನ್ನು ಬಾಯಿಗೆ ಹಾಕಬೇಡಿ. ಸುಟ್ಟರೂ 3 ಹೆಲ್ತ್, 10 ಸ್ಯಾನಿಟಿ ಹೋಗುತ್ತದೆ.