ಹೆಚ್ಚು ಅಂಕ ಪಡೆದ ಹುಡುಗ ಮತ್ತು ಐಟಿಐ ಮಾಡಿದ ಸೋದರಮಾವ

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲಿನ ಎರಡು ವಾರ ಆಪ್ತಸಲಹೆಗೆಂದು ನನ್ನಲ್ಲಿಗೆ ಬರುವವರು ತೀರಾ ಕಡಿಮೆ. ಆ ದಿನಗಳಲ್ಲಿ ಎಲ್ಲ ಮನೆಗಳಲ್ಲೂ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ಶೇಕಡ 85 ದಾಟಿದರೆ ಸೈನ್ಸ್, ಅದಕ್ಕಿಂತ ಸ್ವಲ್ಪ ಕಡಿಮೆಯಾದರೆ ಕಾಮರ್ಸ್, ಇನ್ನೂ ಕಡಿಮೆಯಾದರೆ ಆರ್ಟ್ಸ್, ಪಾಸಾದದ್ದೇ ದೊಡ್ಡದು ಎನ್ನುವಂತಿದ್ದರೆ ಐಟಿಐ. ಬರಬೇಕಾದವರು ದಸರಾ ರಜೆ ಮುಗಿದ ಮೇಲೆ, ಹಾಸ್ಟೆಲಿಗೆ ಮರಳಲು ಒಪ್ಪದ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಪ್ರತಿ ವರ್ಷವೂ ಮರುಕಳಿಸುವ ಇಂತಹ ಪ್ರಕರಣಗಳಲ್ಲಿ ಒಂದನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ: ಹನ್ನೊಂದು ವರ್ಷಗಳಿಂದ ನಾನು ಪೋಷಕರಿಗೆ ನಂಬಿಕೆಯಿಂದ ಹೇಳಿಕೊಂಡು ಬಂದಿದ್ದ ಮಾತೊಂದು ಅರ್ಧ ಮಾತ್ರ ನಿಜವೆಂದು ಇದರಲ್ಲಿ ನನಗೆ ತಿಳಿಯಿತು. ಕುಟುಂಬದ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವಂತಹ ವಿವರಗಳನ್ನು ಬದಲಿಸಿದ್ದೇನೆ.

ಹುಡುಗನನ್ನು ಚೇತನ್ ಎಂದು ಕರೆಯೋಣ. ತೆಂಗಿನ ಸೀಮೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, 625ಕ್ಕೆ 571 ಅಂಕ ಪಡೆದವನು. ಶಾಲೆಯ ಗೇಟಿಗೆ ಅವನ ಭಾವಚಿತ್ರವಿದ್ದ ಬ್ಯಾನರ್ ಕಟ್ಟಿದ್ದರು. ಅದೇ ವಾರ ತಾಯಿಯ ಅಣ್ಣ ಬೆಂಗಳೂರಿನಿಂದ ಬಂದು, ಪಟ್ಟಣದ ವಸತಿ ಕಾಲೇಜೊಂದರಲ್ಲಿ ನೀಟ್ ಕೋಚಿಂಗ್ ಸೇರಿದಂತೆ ಪಿಸಿಎಂಬಿಗೆ ಸೇರಿಸಿ, ಮೊದಲ ಕಂತಿನ ಶುಲ್ಕವನ್ನು ತಾವೇ ಕಟ್ಟಿದ್ದರು. ಅಕ್ಟೋಬರಿನಲ್ಲಿ ನನ್ನ ಎದುರು ಕುಳಿತಾಗ ಅವನು ರಾತ್ರಿ ಮೂರು ಗಂಟೆಗಿಂತ ಹೆಚ್ಚು ನಿದ್ದೆ ಮಾಡುತ್ತಿರಲಿಲ್ಲ, ದಿನಕ್ಕೆ ಒಂದೇ ಹೊತ್ತು ಊಟ ಮಾಡುತ್ತಿದ್ದ. ಆದ್ದರಿಂದ ಮೊದಲು ಮಾಡಿದ ಕೆಲಸವೆಂದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಕಳುಹಿಸಿದ್ದು ಮತ್ತು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್‌ನ 14416 ಸಂಖ್ಯೆಯನ್ನು ತಾಯಿಯ ಫೋನಿನಲ್ಲಿ ಉಳಿಸಿಕೊಟ್ಟದ್ದು. ನಿದ್ದೆಯಿಲ್ಲದ ಮಗುವಿನ ಮುಂದೆ ಕೋರ್ಸುಗಳ ಪಟ್ಟಿ ಹಿಡಿಯುವುದು ಸರಿಯಲ್ಲವೆಂಬುದು ನನ್ನ ದೃಢ ಅಭಿಪ್ರಾಯ.

ಮೊದಲ ಎರಡು ಭೇಟಿಗಳಲ್ಲಿ ಅವನು ಹೇಳಿದ್ದು ಸ್ವಲ್ಪ. ವೇಗೋತ್ಕರ್ಷ ಎಂದರೇನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಆಕ್ಸಿಲರೇಶನ್ ಎಂಬುದು ಅದೇ ಎಂದು ತಿಳಿಯುವ ಹೊತ್ತಿಗೆ ಉಪನ್ಯಾಸಕರು ಮುಂದಿನ ಅಧ್ಯಾಯದಲ್ಲಿದ್ದರು. ಎದ್ದು ನಿಂತು ಪ್ರಶ್ನೆ ಕೇಳಲು ಇಂಗ್ಲಿಷಿನ ವಾಕ್ಯ ಕೂಡುತ್ತಿರಲಿಲ್ಲ. ಕನ್ನಡದಲ್ಲಿ ಕೇಳಿದ ಒಬ್ಬ ಹುಡುಗನನ್ನು ಕಂಡು ಇಡೀ ತರಗತಿ ನಕ್ಕಿದ್ದನ್ನು ಅವನು ನೋಡಿದ್ದ. ವಾರದ ಪರೀಕ್ಷೆಯ ರ‍್ಯಾಂಕ್ ಪಟ್ಟಿಯಲ್ಲಿ ಕೊನೆಯ ಹತ್ತು ಹೆಸರುಗಳಲ್ಲಿ ಅವನದೂ ಇರುತ್ತಿತ್ತು. ಇವೆಲ್ಲ ನಾನು ಮೊದಲೂ ಕೇಳಿದ್ದ ಸಂಗತಿಗಳೇ. ಆದರೆ ಎರಡನೆಯ ಭೇಟಿಯ ಕೊನೆಯಲ್ಲಿ, ಎದ್ದು ಹೊರಡುವಾಗ ಅವನು ಹೇಳಿದ ಒಂದು ಮಾತು ನನ್ನಲ್ಲಿ ಉಳಿಯಿತು.

"ಕಡಿಮೆ ಮಾರ್ಕ್ಸ್ ಬಂದಿದ್ದಿದ್ರೆ, ಏನು ಓದ್ತೀಯ ಅಂತ ಯಾರಾದ್ರೂ ಕೇಳ್ತಿದ್ರೇನೋ ಮೇಡಂ."

ಹಾಗೇನಿಲ್ಲ ಎಂದು ನಾನು ಹೇಳಬಹುದಿತ್ತು. ಅವನ ಪಕ್ಕದಲ್ಲೇ ಕುಳಿತು ಓದಿದ, ಮುನ್ನೂರರ ಆಸುಪಾಸಿನ ಅಂಕ ಪಡೆದ ಗೆಳೆಯನನ್ನೂ ಯಾರೂ ಕೇಳಿರಲಿಲ್ಲ. ತಾಲ್ಲೂಕಿನ ಐಟಿಐನಲ್ಲಿ ಯಾವ ಟ್ರೇಡಿನಲ್ಲಿ ಸೀಟು ಉಳಿದಿತ್ತೋ ಅದಕ್ಕೆ ಸೇರಿಸಿ ಬಂದಿದ್ದರು. ಹೆಚ್ಚು ಅಂಕ ಬಂದವರಿಗೆ ಅಂಕವೇ ಸಾಲವಾಗುತ್ತದೆ, ಕಡಿಮೆ ಬಂದವರಿಗೆ ಅದೇ ದಂಡವಾಗುತ್ತದೆ. ಎರಡು ಕಡೆಯೂ ಹದಿನಾರು ವರ್ಷದ ಮಗುವಿನ ಇಷ್ಟಾನಿಷ್ಟವನ್ನು ವಿಚಾರಿಸುವ ಕ್ರಮವಿಲ್ಲ. ನಾನು ಅದನ್ನೆಲ್ಲ ಹೇಳದೆ, ಈಗ ಕೇಳುತ್ತಿದ್ದೇನೆ, ನೀನು ಏನು ಓದುತ್ತೀಯ ಎಂದು ಕೇಳಿದೆ. ಬಾಗಿಲ ಬಳಿ ನಿಂತುಕೊಂಡೇ, "ಡಿಪ್ಲೊಮಾ. ಮೆಕ್ಯಾನಿಕಲ್" ಎಂದ. ಮನೆಯಲ್ಲಿ ಹೇಳಿದ್ದೀಯಾ ಎಂದರೆ ಇಲ್ಲವೆಂದು ತಲೆಯಾಡಿಸಿದ. ಮಾವನಿಗೆ ಬೇಜಾರಾಗುತ್ತದೆ ಎಂದಷ್ಟೇ ಹೇಳಿ ಹೋದ.

ಮೂರನೆಯ ಭೇಟಿಗೆ ತಾಯಿಯೊಂದಿಗೆ ಆ ಮಾವನನ್ನೂ ಕರೆಸಿದೆ. ಭಾನುವಾರ ಬೆಳಿಗ್ಗೆ ಬಂದರು. ಹುಡುಗನ ಆಸೆಯನ್ನು ಅವನ ಅನುಮತಿ ಪಡೆದು ನಾನೇ ಅವರ ಮುಂದಿಟ್ಟೆ. ಆಮೇಲೆ, ಇಂತಹ ಸಂದರ್ಭದಲ್ಲಿ ನಾನು ಯಾವಾಗಲೂ ಹೇಳುವ ಮಾತುಗಳನ್ನು ಹೇಳಿದೆ. ಎಸ್ಸೆಸ್ಸೆಲ್ಸಿ ನಂತರ ಪಿಯುಸಿ ಒಂದೇ ದಾರಿಯಲ್ಲ, ಯಾವ ಕೆಲಸವೂ ಕೀಳಲ್ಲ, ಎಲ್ಲ ದಾರಿಗಳೂ ಸಮಾನ, ಆಸಕ್ತಿಯಿದ್ದಲ್ಲಿ ಯಶಸ್ಸಿರುತ್ತದೆ. ತಾಯಿ ತಲೆ ತಗ್ಗಿಸಿ ಕೇಳುತ್ತಿದ್ದರು. "ಅಣ್ಣ ಸಾಲ ಮಾಡಿ ಫೀಸು ಕಟ್ಟಿದ್ದಾನೆ ಮೇಡಂ" ಎಂದು ಒಮ್ಮೆ ಮೆಲ್ಲಗೆ ಹೇಳಿದರು. ಮಾವ ಪೂರ್ತಿ ಕೇಳಿಸಿಕೊಂಡು, ಸಿಟ್ಟು ಮಾಡಿಕೊಳ್ಳದೆ ಮಾತನಾಡಿದರು.

"ನೀವು ಹೇಳೋದು ಕೇಳೋಕೆ ಚೆನ್ನಾಗಿದೆ ಮೇಡಂ. ನಾನು ಟರ್ನರ್ ಟ್ರೇಡಲ್ಲಿ ಐಟಿಐ ಮಾಡಿದೋನು. ಪೀಣ್ಯಕ್ಕೆ ಬಂದು ಹದಿನಾರು ವರ್ಷ ಆಯ್ತು, ಮೂರು ಕಂಪನಿ ಆಯ್ತು. ಇವತ್ತಿಗೂ ನನ್ನ ಸಂಬಳದ ಚೀಟಿ ಮೇಲೆ ಕಂಟ್ರಾಕ್ಟರ್ ಹೆಸರಿದೆ, ಕಂಪನಿ ಹೆಸರಿಲ್ಲ. ಡ್ರಾಯಿಂಗ್ ತಪ್ಪಿದ್ರೆ ಮೊದಲು ಗೊತ್ತಾಗೋದು ನನಗೆ. ಆದ್ರೆ ತಿದ್ದಿ ಸೈನ್ ಹಾಕೋ ಹಕ್ಕು ನನಗಿಲ್ಲ. ಹೋದ ವರ್ಷ ಬಂದ ಬಿಇ ಹುಡುಗನ ಟೇಬಲ್ ಮುಂದೆ ಹೋಗಿ ನಿಂತ್ಕೋಬೇಕು. ಎಲ್ಲ ದಾರಿನೂ ಒಂದೇ ಅಂತ ನೀವು ಯಾವ ಧೈರ್ಯದ ಮೇಲೆ ಹೇಳ್ತೀರಿ?"

ನನ್ನಲ್ಲಿ ಉತ್ತರವಿರಲಿಲ್ಲ. ಅವರು ಮರ್ಯಾದೆಯ ಭ್ರಮೆಯಲ್ಲಿ ಹುಡುಗನನ್ನು ಡಾಕ್ಟರ್ ಮಾಡಹೊರಟವರಲ್ಲ. ನಾನು ಪುಸ್ತಕ ಮತ್ತು ಕೈಪಿಡಿಗಳಿಂದ ತಿಳಿದುಕೊಂಡ ದಾರಿಯಲ್ಲಿ ಅವರು ಹದಿನಾರು ವರ್ಷ ನಡೆದಿದ್ದರು. "ನಿಮ್ಮ ಮಾತು ಸರಿ, ನಾನು ಹೇಳಿದ್ದು ಪೂರ್ತಿ ಸರಿಯಲ್ಲ" ಎಂದು ಒಪ್ಪಿಕೊಂಡೆ. ಕೆಲವು ನಿಮಿಷ ಯಾರೂ ಮಾತನಾಡಲಿಲ್ಲ. ಆಗ ಚೇತನ್, ನನ್ನ ಕಡೆಗೆ ನೋಡದೆ, ಮಾವನಿಗೆ ಹೇಳಿದ:

"ಏಳನೇ ಕ್ಲಾಸಲ್ಲಿದ್ದಾಗ ಆಯುಧಪೂಜೆಗೆ ನನ್ನ ನಿಮ್ಮ ಫ್ಯಾಕ್ಟರಿಗೆ ಕರ್ಕೊಂಡು ಹೋಗಿದ್ರಲ್ಲ ಮಾವ. ಎಲ್ಲರೂ ಕಡ್ಲೆಪುರಿ ತಿನ್ನೋಕೆ ಹೋದಾಗ ನೀವು ಮೈಕ್ರೋಮೀಟರ್ ತೆಗೆದು ನನ್ನ ತಲೆಗೂದಲು ಒಂದು ಕಿತ್ತು ಅಳತೆ ಮಾಡಿಸಿದ್ರಿ. ಎಪ್ಪತ್ತು ಮೈಕ್ರಾನ್ ಬಂತು. ನಾನು ನೋಟ್‌ಬುಕ್ಕಲ್ಲಿ ಬರ್ಕೊಂಡಿದ್ದೀನಿ. ನೀವು ಬೇಡ ಅಂತಿರೋದನ್ನ ನನಗೆ ತೋರಿಸಿದ್ದೇ ನೀವು."

ಮಾವ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ ಪ್ರಶ್ನೆ ಹುಡುಗನಿಗಲ್ಲ, ನನಗೆ. "ಸರಿ. ಇವನು ನಾನು ನಿಂತಿರೋ ಜಾಗದಲ್ಲೇ ನಿಲ್ಲಬಾರದು ಅಂದ್ರೆ ಏನು ಮಾಡ್ಬೇಕು, ಅದನ್ನ ಹೇಳಿ."

ನನ್ನ ಅನುಭವದಲ್ಲಿ ಇಷ್ಟು ಸ್ಪಷ್ಟವಾದ ಪ್ರಶ್ನೆಯನ್ನು ಯಾವ ಪೋಷಕರೂ ಕೇಳಿರಲಿಲ್ಲ. ಆದ್ದರಿಂದ ಅಂದು ಧೈರ್ಯದ ಮಾತುಗಳನ್ನು ಬಿಟ್ಟು ಪ್ರತಿ ದಾರಿಯೂ ಎಲ್ಲಿಗೆ ಹೋಗುತ್ತದೆ, ಎಲ್ಲಿ ಕವಲೊಡೆಯುತ್ತದೆ, ಎಲ್ಲಿ ನಿಂತುಬಿಡುತ್ತದೆ ಎಂಬುದನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಮುಂತಾದ ಐಟಿಐ ಟ್ರೇಡುಗಳು ಎರಡು ವರ್ಷದವು. ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷದ್ದು, ಆರು ಸೆಮಿಸ್ಟರುಗಳದ್ದು. ಎರಡು ವರ್ಷದ ಐಟಿಐ ಮುಗಿಸಿದವರು ನೇರವಾಗಿ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರಲು ಅವಕಾಶವಿದೆ. ಇದನ್ನು ಮಾವನಿಗೆ ಅವರ ಐಟಿಐ ದಿನಗಳಲ್ಲಿ ಯಾರೂ ಹೇಳಿರಲಿಲ್ಲ. ಡಿಪ್ಲೊಮಾ ಮುಗಿಸಿದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು, ಬಿಇ ಎರಡನೆಯ ವರ್ಷಕ್ಕೆ ಸೇರಬಹುದು. ಲೆಕ್ಕ ಹಾಕಿದರೆ ಪಿಯುಸಿಯ ಎರಡು ವರ್ಷ ಮತ್ತು ಬಿಇಯ ನಾಲ್ಕು ವರ್ಷ ಸೇರಿ ಆರು. ಡಿಪ್ಲೊಮಾದ ಮೂರು ಮತ್ತು ಬಿಇಯ ಮೂರು ಸೇರಿಯೂ ಆರೇ. ಈ ಲೆಕ್ಕವನ್ನು ಕಂಡ ಮೇಲೆ ತಾಯಿ ಮೊದಲ ಬಾರಿಗೆ ತಲೆಯೆತ್ತಿ ಆ ಕಾಗದವನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು.

ಕೊಟ್ಟ ಸಲಹೆ ಹೀಗಿತ್ತು. ಕೋಚಿಂಗ್ ಮತ್ತು ಹಾಸ್ಟೆಲನ್ನು ಕೂಡಲೇ ಬಿಡಬೇಕು. ಕಾಲೇಜನ್ನು ಮಾತ್ರ ಮಧ್ಯದಲ್ಲಿ ಬಿಡದೆ, ಮನೆಯಿಂದ ಬಸ್ಸಿನಲ್ಲಿ ಓಡಾಡಿ ಪ್ರಥಮ ಪಿಯುಸಿ ಪರೀಕ್ಷೆಯನ್ನು ಬರೆಯಬೇಕು, ಅದೂ ವೈದ್ಯರು ಒಪ್ಪಿದರೆ. ಜೂನಿನಲ್ಲಿ ಪಾಲಿಟೆಕ್ನಿಕ್ಕಿಗೆ ಅರ್ಜಿ ಹಾಕಬೇಕು. ಅಲ್ಲಿ ನೋಡುವುದು ಎಸ್ಸೆಸ್ಸೆಲ್ಸಿ ಅಂಕಗಳನ್ನು, ಅವು ಒಂದು ವರ್ಷಕ್ಕೆ ಹಳಸುವುದಿಲ್ಲ. ಆ ಹೊತ್ತಿಗೆ ಮನಸ್ಸು ಬದಲಾಗಿದ್ದರೆ ದ್ವಿತೀಯ ಪಿಯುಸಿಯ ಬಾಗಿಲೂ ತೆರೆದಿರುತ್ತದೆ.

ಈ ಸಲಹೆಯನ್ನು ನನ್ನ ಸಹೋದ್ಯೋಗಿಗಳಲ್ಲಿ ಇಬ್ಬರು ಒಪ್ಪಲಿಲ್ಲ. 571 ಅಂಕದ ಹುಡುಗನಿಗೆ ಇಂಗ್ಲಿಷ್ ಕಲಿಸಿ ಸೈನ್ಸಿನಲ್ಲೇ ಉಳಿಸಿಕೊಳ್ಳಬೇಕಿತ್ತು, ಭಾಷೆಯ ತೊಡಕನ್ನು ನಾನು ಆಸಕ್ತಿಯ ಕೊರತೆಯೆಂದು ಓದಿದೆ ಎಂಬುದು ಅವರ ಆಕ್ಷೇಪ. ಆ ಆಕ್ಷೇಪದಲ್ಲಿ ತೂಕವಿದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಪ್ರಥಮ ಪಿಯುಸಿಯ ಮೊದಲ ಎರಡು ತಿಂಗಳು ಎರಡೂ ಭಾಷೆಗಳಲ್ಲಿ ಪಾಠ ಹೇಳಿದರೆ, ದಸರಾ ನಂತರ ನನ್ನಲ್ಲಿಗೆ ಬರುವವರಲ್ಲಿ ಅನೇಕರು ಬರಬೇಕಾಗಿಯೇ ಇಲ್ಲವೆಂದು ನಾನೂ ನಂಬುತ್ತೇನೆ. ಡಿಪ್ಲೊಮಾದಲ್ಲೂ ಹೆಚ್ಚಿನ ಪುಸ್ತಕಗಳು ಇಂಗ್ಲಿಷಿನವೇ ಎಂದು ಚೇತನ್‌ಗೆ ಎಚ್ಚರಿಸಿದ್ದೆ. ಅವನ ಉತ್ತರ ನನ್ನ ನಿರ್ಧಾರವನ್ನು ಗಟ್ಟಿ ಮಾಡಿತು: "ಅಲ್ಲಿ ಗೊತ್ತಾಗದಿದ್ರೆ ಮುಟ್ಟಿ ನೋಡಬಹುದಲ್ಲ ಮೇಡಂ." ಭಾಷೆಯ ತೊಡಕು ಎರಡು ಕಡೆಯೂ ಇತ್ತು, ಅದನ್ನು ದಾಟಿ ಹೋಗಬೇಕೆಂಬ ಬಯಕೆ ಇದ್ದದ್ದು ಒಂದು ಕಡೆ ಮಾತ್ರ.

ಓದುವ ಪೋಷಕರಿಗೆ ನಾನು ಈಗ ಹೇಳುವುದು ಬದಲಾಗಿದೆ. ದಾರಿಗಳೆಲ್ಲ ಸಮಾನವೆಂದು ಹೇಳುವುದನ್ನು ನಿಲ್ಲಿಸಿದ್ದೇನೆ, ಏಕೆಂದರೆ ಸಂಬಳದಲ್ಲಿ, ಕೆಲಸದ ಭದ್ರತೆಯಲ್ಲಿ, ಸಹಿ ಹಾಕುವ ಅಧಿಕಾರದಲ್ಲಿ ಅವು ಸಮಾನವಾಗಿಲ್ಲ. ಸಮಾನವೆಂದು ಸುಳ್ಳು ಹೇಳಿದರೆ ಆ ದಾರಿಯಲ್ಲಿ ನಡೆದವರು ನಮ್ಮ ಉಳಿದ ಮಾತನ್ನೂ ನಂಬುವುದಿಲ್ಲ. 2022ರಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಹೊಸ ಯಂತ್ರಗಳು ಬಂದು ಅವು ಮೇಲ್ದರ್ಜೆಗೇರಿದವು. ಅದು ಒಳ್ಳೆಯದೇ, ಆದರೆ ಗುತ್ತಿಗೆ ಪದ್ಧತಿಯನ್ನು ಯಂತ್ರಗಳು ಬದಲಿಸುವುದಿಲ್ಲ. ಸೇರುವ ಮೊದಲು ಕೇಳಬೇಕಾದದ್ದು ಈ ಕೋರ್ಸು ಮುಗಿದ ಮೇಲೆ ಮುಂದಿನ ಮೆಟ್ಟಿಲು ಯಾವುದು, ಅದಕ್ಕೆ ಯಾವ ಪರೀಕ್ಷೆ, ಎಷ್ಟು ವರ್ಷ ಎಂಬುದನ್ನು. ಕೃಷಿ ವಿಶ್ವವಿದ್ಯಾಲಯಗಳು ಎಸ್ಸೆಸ್ಸೆಲ್ಸಿ ಆದವರಿಗೆ ಕನ್ನಡ ಮಾಧ್ಯಮದಲ್ಲೇ ಎರಡು ವರ್ಷದ ಕೃಷಿ ಡಿಪ್ಲೊಮಾ ನಡೆಸುತ್ತವೆ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಗಳಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಇದೆ. ಆಸ್ಪತ್ರೆಯ ಕೆಲಸದತ್ತ ಒಲವಿರುವವರಿಗೆ ಪ್ಯಾರಾಮೆಡಿಕಲ್ ಡಿಪ್ಲೊಮಾಗಳಿವೆ. ತೋಟವಿರುವ ಮನೆಗಳಲ್ಲೂ ಕೃಷಿ ಡಿಪ್ಲೊಮಾದ ಹೆಸರು ಕೇಳಿದವರು ಕಡಿಮೆ ಎಂಬುದು ನನಗೆ ಪ್ರತಿ ವರ್ಷವೂ ನೋವು ಕೊಡುವ ಸಂಗತಿ. ಇನ್ನೊಂದು ಮಾತನ್ನೂ ಹೇಳಬೇಕು. ಶಿಕ್ಷಣ ಹಕ್ಕು ಕಾಯ್ದೆ ಮಗುವನ್ನು ಕಾಯುವುದು ಹದಿನಾಲ್ಕು ವರ್ಷದವರೆಗೆ. ಹತ್ತನೆಯ ತರಗತಿಯ ನಂತರ ಮಗು ಎಲ್ಲಿಗೆ ಹೋಯಿತು, ಹೋದಲ್ಲಿ ಉಳಿಯಿತೇ ಎಂದು ವಿಚಾರಿಸಲು ಮನೆಯವರು ಬಿಟ್ಟರೆ ಬೇರೆ ಯಾರೂ ಇಲ್ಲ.

ಚೇತನ್ ಪ್ರಥಮ ಪಿಯುಸಿ ಪಾಸು ಮಾಡಿದ. ಆದರೂ ಮನಸ್ಸು ಬದಲಾಗಲಿಲ್ಲ. ಸರ್ಕಾರಿ ಪಾಲಿಟೆಕ್ನಿಕ್ ಒಂದರಲ್ಲಿ ಮೆಕ್ಯಾನಿಕಲ್ ಸೀಟು ಸಿಕ್ಕಿತು. ಈಗ ಮೂರನೆಯ ಸೆಮಿಸ್ಟರಿನಲ್ಲಿದ್ದಾನೆ. ಮೊದಲ ಸೆಮಿಸ್ಟರಿನ ಗಣಿತ ಉಳಿದುಕೊಂಡಿತ್ತು, ಎರಡನೆಯ ಪ್ರಯತ್ನದಲ್ಲಿ ಮುಗಿಸಿದ. ನಿದ್ದೆ ಸರಿಯಾಗಿದೆ; ವೈದ್ಯರು ಔಷಧವನ್ನು ಹಂತಹಂತವಾಗಿ ನಿಲ್ಲಿಸಿದ್ದಾರೆ. ಮಾವನ ಸಾಲದ ಕೊನೆಯ ಕಂತು ಈ ಯುಗಾದಿಗೆ ತೀರಿತು.

ಕಳೆದ ತಿಂಗಳು ಇಬ್ಬರೂ ಒಟ್ಟಿಗೆ ಬಂದಿದ್ದರು. ಡಿಪ್ಲೊಮಾ ಮುಗಿದ ಕೂಡಲೇ ಡಿಸಿಇಟಿ ಬರೆದು ಬಿಇಗೆ ಸೇರಬೇಕೆಂಬುದು ಮಾವನ ಪಟ್ಟು. ಮೊದಲು ಒಂದು ವರ್ಷ ಅಪ್ರೆಂಟಿಸ್ ಆಗಿ ಕೆಲಸ ಕಲಿತು ಆಮೇಲೆ ಬರೆಯುತ್ತೇನೆಂಬುದು ಅವನ ವಾದ. ನನ್ನ ಎದುರಿಗೇ ಅರ್ಧ ಗಂಟೆ ವಾದಿಸಿದರು, ಅವನು ಮಾವನ ಮಾತಿಗೆ ಅಂಜದೆ ಉತ್ತರ ಕೊಟ್ಟ. ನನ್ನ ಅಭಿಪ್ರಾಯ ಕೇಳಿದಾಗ, ಇನ್ನೂ ಒಂದೂವರೆ ವರ್ಷವಿದೆ, ನೀವಿಬ್ಬರೂ ಮಾತು ಮುಂದುವರಿಸಿ ಎಂದೆ. ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ಮತ್ತೆ ಬರುತ್ತೇವೆಂದು ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದರು.